ಮಣ್ಣಿನ ಸ್ಪ್ರಿಂಗು

ಥಪ್, ಥಪ್, ಥಪ್ಪ್.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಸಿ ಮಣ್ಣನ್ನು ಎತ್ತಿ ಎತ್ತಿ ಬಡಿಯುವ ಸದ್ದು ಅದು. ನಾವು ಸಣ್ಣವರಿದ್ದಾಗ, ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹತ್ತಿರದ ಬೇಗಂಪೇಟೆಯ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ನನ್ನ ಅಕ್ಕ, ಶಾಂತಕ್ಕ, ಪರಕಾರವನ್ನು ಮೊಳಕಾಲಿಗೆ ಏರಿಸಿ ಕುಳಿತು ಮಣ್ಣು ಹದ ಮಾಡುತ್ತಿದ್ದಳು. ನಡುವೆ ವಿಮಾನವೊಂದು ಹಂಚು ಸವರಿಕೊಂಡು ಹೋದಷ್ಟು ತಗ್ಗಿನಲ್ಲಿ ಹಾದರೆ ಅಡುಗೆಮನೆಯ ತಾಟುಗಳೆಲ್ಲ ಝಣಝಣ ನಡುಗುತ್ತಿದ್ದವು. ಥಪ್ ಥಪ್ ಅದರಲ್ಲಿ ಮುಳುಗುತ್ತಿತ್ತು. ವಿಮಾನ ದಾಟಿದ ಮೇಲೆ ಕಿವಿಗೊಟ್ಟರೆ ಮತ್ತೆ ಥಪ್, ಥಪ್. ತಲೆಯ ಮೇಲೆ ಏನು ಹಾರಿದರೂ ಅಕ್ಕ ಕೈ ನಿಲ್ಲಿಸಿದವಳಲ್ಲ. ನಾನು ಮಾತ್ರ ಅಂಗಳಕ್ಕೆ ಓಡಿಹೋಗಿ ವಿಮಾನಕ್ಕೆ ಟಾಟಾ ಮಾಡುತ್ತಿದ್ದೆ. ನಮ್ಮಿಬ್ಬರ ಜಾತಕವನ್ನು ಅಲ್ಲೇ ಓದಿಬಿಡಬಹುದಿತ್ತು.

ಮೊನ್ನೆ ಕತ್ತರಿ ಹುಡುಕುತ್ತ ಡ್ರಾಯರಿನ ತಳಕ್ಕೆ ಕೈ ಹಾಕಿದಾಗ ಅರ್ಧ ಪ್ಯಾಕೆಟ್ ಏರ್ ಡ್ರೈ ಕ್ಲೇ ಸಿಕ್ಕಿತು. ಒಲೆ ಬೇಡ, ಭಟ್ಟಿ ಬೇಡ, ಸುಮ್ಮನೆ ಗಾಳಿಗಿಟ್ಟರೆ ತಾನೇ ಗಟ್ಟಿಯಾಗುವ ಬಿಳಿ ಮಣ್ಣು ಅದು. ನನ್ನ ಎಲ್ಲ ಕೆಲಸಗಳಂತೆ ಅದರ ಬಾಯಿಯನ್ನೂ ಸರಿಯಾಗಿ ಕಟ್ಟಿರಲಿಲ್ಲ. ಒಳಗಿದ್ದದ್ದು ಕಲ್ಲಾಗಿತ್ತು. ನಮ್ಮವರು ಪೇಪರಿನ ಮೇಲಿಂದ ಇಣುಕಿ, "ಏನದು, ನೀ ಮಾಡಿದ್ದ ಕೊಬ್ಬರಿ ಬರ್ಫಿ ಏನು? ಇನ್ನೂ ಉಳದೈತಿ?" ಎಂದರು. ಬರ್ಫಿಯ ವಿಷಯದಲ್ಲಿ ನನ್ನ ಕೇಸ್ ಭಾಳ ವೀಕ್.

ಆ ಕ್ಲೇ ನನ್ನ ಕೈಗೆ ಬಂದದ್ದು ಎರಡು ವರ್ಷದ ಹಿಂದೆ, ಯುಗಾದಿಗೆ ಇನ್ನೂ ಹದಿನೈದು ದಿನ ಇದ್ದಾಗ. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಕ್ಲಬ್ ಹೌಸಿನಲ್ಲಿ ಸೀನಿಯರ್ ಸಿಟಿಜನ್‌ಗಳಿಗಾಗಿ ಸ್ಪ್ರಿಂಗ್ ಡೆಕೊರೇಷನ್ ವರ್ಕ್‌ಶಾಪ್. ಮಗಳು ನನ್ನನ್ನು ಕೇಳದೆ ಹೆಸರು ಕೊಟ್ಟುಬಂದಳು. ನನ್ನ ಕ್ರಿಯೇಟಿವಿಟಿಯ ಮೇಲಿನ ನಂಬಿಕೆಯಿಂದಲ್ಲ. ಎರಡು ತಾಸು ನಾನು ಅವಳ ಅಡುಗೆಮನೆಯ ಡಬ್ಬಿಗಳನ್ನು ಬೇರೆ ಆರ್ಡರಿನಲ್ಲಿ ಜೋಡಿಸುವುದು ತಪ್ಪೀತು ಎಂದು.

ಕಲಿಸಲು ಬಂದ ಹುಡುಗಿ ಕೂದಲಿಗೆ ಪೆನ್ಸಿಲು ಚುಚ್ಚಿಕೊಂಡಿದ್ದಳು. "ಆಂಟಿ, ರಿಲ್ಯಾಕ್ಸ್. ದೇರ್ ಈಸ್ ನೋ ರಾಂಗ್ ಫ್ಲವರ್" ಎಂದಳು. ಅರ್ಧ ತಾಸಿನ ನಂತರ ನನ್ನ ಟೇಬಲ್ಲಿನ ಹತ್ತಿರ ಬಂದು ನೋಡಿ, ಬಾಯಿ ತೆರೆದು, ಮುಚ್ಚಿಕೊಂಡು ಮುಂದೆ ಹೋದಳು. ಅವಳ ಕೆರಿಯರ್‌ನಲ್ಲಿ ಮೊದಲ ರಾಂಗ್ ಫ್ಲವರ್ ಅಲ್ಲಿ ಅರಳಿತ್ತು.

ನಾನು ಮಾಡಿದ್ದು ಡ್ಯಾಫೊಡಿಲ್. ಮತ್ತೇನು ಮಾಡಲಿ? ನನಗೆ ಸ್ಪ್ರಿಂಗ್ ಕಲಿಸಿದ್ದು ಕಾನ್ವೆಂಟು. ಹೈದರಾಬಾದಿನಲ್ಲಿ ಫ್ಯಾನು ಒಂದನೇ ನಂಬರಿನಿಂದ ಐದಕ್ಕೆ ಏರುವ ನಡುವಿನ ಹತ್ತು ದಿನಕ್ಕೆ ಸ್ಪ್ರಿಂಗ್ ಎನ್ನಬೇಕು, ಅಷ್ಟೇ. ಆದರೆ ನಮ್ಮ ರೀಡರ್‌ನಲ್ಲಿ ಅದು ಮಂಜು ಕರಗಿ, ಮೊಲಗಳು ಕುಣಿದು, ಹಳದಿ ಹೂ ತಲೆದೂಗುವ ಕಾಲ. ಡ್ಯಾಫೊಡಿಲ್ ಹೂವನ್ನು ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಆದರೆ ಅದರ ಮೇಲಿನ ಹತ್ತು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ಒಂಬತ್ತು ತೆಗೆದುಕೊಂಡಿದ್ದೇನೆ.

ಎದುರು ಫ್ಲ್ಯಾಟಿನ ವಿಜಯಗಾರು ನನ್ನ ಹೂ ನೋಡಿ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು. "ಅಯ್ಯೋ, ಉಮ್ಮೆತ್ತ ಪುವ್ವಾ! ಶಿವಯ್ಯಕಿ ಚಾಲಾ ಇಷ್ಟಂ ಅಂಡಿ!" ಉಮ್ಮೆತ್ತ ಎಂದರೆ ನಮ್ಮ ದತ್ತೂರಿ, ಶಿವನಿಗೆ ಭಾಳ ಇಷ್ಟವಂತೆ. "ಇದು ಡ್ಯಾಫೊಡಿಲ್" ಎಂದು ನಾನು ಹೇಳುವಷ್ಟರಲ್ಲಿ ಅವರು ಎರಡು ಹೂ ಆರಿಸಿಕೊಂಡಾಗಿತ್ತು. ಸೋಮವಾರ ಅವರ ದೇವರಮನೆಯಲ್ಲಿ ನೋಡುತ್ತೇನೆ, ನನ್ನ ಇಂಗ್ಲೆಂಡಿನ ಹೂ ಲಿಂಗದ ಮುಂದೆ ವಿಭೂತಿ ಬಳಿದುಕೊಂಡು ಕುಳಿತಿದೆ. ಒಂದು ರೀತಿಯಲ್ಲಿ ಅದಕ್ಕೆ ಅಷ್ಟು ಗೌರವ ಎಲ್ಲಿಯೂ ಸಿಗುತ್ತಿರಲಿಲ್ಲ.

ಉಳಿದ ಹೂಗಳನ್ನೂ, ಆಲೂಗಡ್ಡೆಗೆ ಕೊಕ್ಕು ಬಂದಂತಿದ್ದ ಎರಡು ಹಕ್ಕಿಗಳನ್ನೂ ಬಾಲ್ಕನಿಯ ಬಿಸಿಲಿಗೆ ಇಟ್ಟೆ. ನೆರಳಿನಲ್ಲಿ ಒಣಗಿಸಿ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚಾಗಿತ್ತಂತೆ. ಓದಲು ಕನ್ನಡಕ ಬೇಕಿತ್ತು. ಕನ್ನಡಕ ತರಲು ಏಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸೀಳುಬಿಟ್ಟಿದ್ದವು. ಒಂದು ಹಕ್ಕಿಯಂತೂ ತಲೆಯನ್ನು ಪಕ್ಕಕ್ಕೆ ಇಳಿಸಿ ಮಲಗಿತ್ತು.

ಉಪ್ಪಲ್‌ನಲ್ಲಿದ್ದ ಶಾಂತಕ್ಕನಿಗೆ ಫೋನ್ ಮಾಡಿದೆ. ಮಣ್ಣಿನ ವಿಷಯಕ್ಕೆ ನಮ್ಮ ವಂಶದಲ್ಲಿ ಅವಳೇ ಸುಪ್ರೀಂ ಕೋರ್ಟ್.

"ಬಿಸಲಿಗಿಟ್ಟೀಯೇನು? ಮಣ್ಣ ಬಿಸಲಿಗೆ ಯಾರರ ಇಡತಾರೇನ ಹುಚ್ಚಿ? ಹಪ್ಪಳ ಅಂತ ತಿಳದ್ಯಾ?" ಎಂದಳು. "ಇಷ್ಟ ವರ್ಷ ಕಾನ್ವೆಂಟಿನ್ಯಾಗ ಏನ ಕಲಿಸಿದ್ರ ಆ ನಿಮ್ಮ ಸಿಸ್ಟರ್? ಉಳದ ಮಣ್ಣ ತಗೊಂಡ ಇಲ್ಲೆ ಬಾ."

ಸಿಸ್ಟರ್ ಎಂದಳಲ್ಲ, ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅದೇಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪವೇನು, ಅರವತ್ತು ವರ್ಷಕ್ಕಿಂತ ಹೆಚ್ಚು.

ಅಪ್ಪ ಕೇಂದ್ರ ಸರ್ಕಾರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ವಿಜಯಪುರದ ಕಡೆಯ ಹಳ್ಳಿಯಿಂದ ನಮ್ಮನ್ನು ಹೈದರಾಬಾದಿಗೆ ಕರೆತಂದಾಗ ನನಗೆ ಐದು, ಅಕ್ಕನಿಗೆ ಒಂಬತ್ತು. ಕಾನ್ವೆಂಟಿನವರು ನನ್ನನ್ನು ತೆಗೆದುಕೊಂಡರು. ಹಳ್ಳಿಯ ಶಾಲೆಯಲ್ಲಿ ಕನ್ನಡ ಮೂರನೆಯ ಇಯತ್ತೆ ಓದಿದ್ದ ಅಕ್ಕನನ್ನು ನೋಡಿ, ಇಂಗ್ಲಿಷ್ ಬಾರದ ಇಷ್ಟು ದೊಡ್ಡ ಹುಡುಗಿಯನ್ನು ಎಲ್ಲಿ ಕೂರಿಸುವುದು ಎಂದರು. ಹೀಗೆ ನಾನು ನೀಲಿ ಪಿನಾಫೋರ್ ತೊಟ್ಟು ಶಾಲೆಗೆ ಹೋದೆ. ಅಕ್ಕ ಅವ್ವನ ಜೊತೆ ರೊಟ್ಟಿ ಬಡಿಯುತ್ತ ಉಳಿದಳು. ಮಧ್ಯಾಹ್ನ ನನ್ನ ಟಿಫಿನ್ ಕ್ಯಾರಿಯರ್ ತರುವುದು ಅವಳ ಕೆಲಸ. ಕಾನ್ವೆಂಟಿನ ಗೇಟಿನ ಒಳಗೆ ಅವಳ ಪ್ರವೇಶ ಇದ್ದದ್ದು ಅಷ್ಟಕ್ಕೇ.

ಊರಲ್ಲಿದ್ದಾಗ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರೆಲ್ಲ ಸೇರಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುತ್ತಿದ್ದರಲ್ಲ, ಅಲ್ಲೇ ಅಕ್ಕನ ಕೈ ಪಳಗಿತ್ತು. ಅವಳು ಮಾಡಿದ ಗುಳ್ಳವ್ವನಿಗೆ ಮೂಗುತಿಯ ತೂತೂ ಇರುತ್ತಿತ್ತು. ನನಗೋ, ಉಗುರಿನಲ್ಲಿ ಮಣ್ಣು ಕಂಡರೆ ಶಾಲೆಯಲ್ಲಿ ಸಿಸ್ಟರ್ ಫಿಲೋಮಿನಾ ಅವರ ರೂಲರ್ ಗೆಣ್ಣಿನ ಮೇಲೆ ಬೀಳುತ್ತಿತ್ತು. ಹಾಗಾಗಿ ನಾನು ದೂರ ನಿಂತು, ಅವ್ವನ ಭಾಷೆಯಲ್ಲಿ ಹೇಳುವುದಾದರೆ, "ಮಡಿ ಮುದುಕಿಯಂಗ" ಡೈರೆಕ್ಷನ್ ಕೊಡುತ್ತಿದ್ದೆ.

ಎರಡನೇ ಕ್ಲಾಸಿನಲ್ಲಿ ಒಂದು ದಿನ ಸಿಸ್ಟರ್ ಹೇಳಿದರು: ಸೋಮವಾರದ ಹ್ಯಾಂಡ್‌ವರ್ಕ್ ಪೀರಿಯಡ್‌ಗೆ ಎಲ್ಲರೂ ಮಣ್ಣಿನಲ್ಲಿ "ಸ್ಪ್ರಿಂಗ್" ಮಾಡಿಕೊಂಡು ಬರಬೇಕು. ನಾನು ಮನೆಗೆ ಬಂದು ಹಾಗೇ ಹೇಳಿದೆ. ಮನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಫಿಟ್ಟರ್ ಮನೆಯಲ್ಲಿ ಸ್ಪ್ರಿಂಗ್ ಎಂದರೆ ಏನು ಎಂದು ಯಾರಾದರೂ ಕೇಳುತ್ತಾರೆಯೇ? ಅಪ್ಪ ಮರುದಿನವೇ ಸಾಹೇಬರನ್ನು ಕೇಳಿ ವರ್ಕ್‌ಶಾಪಿನಿಂದ ಒಂದು ಹಳೆಯ ಸ್ಪ್ರಿಂಗನ್ನು ಮಾದರಿಗೆಂದು ತಂದರು. "ಇಂಗ್ಲಿಷ್ ಸಾಲಿ ಅಂದ್ರ ಹಿಂಗಿರಬೇಕ ನೋಡು. ಸಣ್ಣ ಹುಡುಗೂರಿಗೆ ಈಗಿಂದನ ಮಶೀನ್ ಕೆಲಸ ಕಲಸ್ತಾರ" ಎಂದು ಅವ್ವನ ಮುಂದೆ ಹೊಗಳಿದರು.

ಅಕ್ಕ ಮೂರು ದಿನ ಅದಕ್ಕೇ ಕುಳಿತಳು. ಮಣ್ಣನ್ನು ಸೋಸಿ, ಬಡಿದು, ಚಕ್ಕುಲಿಯ ಹಾಗೆ ಉದ್ದ ಹೊಸೆದು, ಅವ್ವನ ಲಟ್ಟಣಿಗೆಗೆ ಎಣ್ಣೆ ಸವರಿ ಅದರ ಮೇಲೆ ಸುತ್ತಿದಳು. ಎರಡು ಸಲ ತುಂಡಾಯಿತು. ಮೂರನೆಯ ಸಲ ಬುಟ್ಟಿಯ ಕೆಳಗೆ ನೆರಳಲ್ಲಿ ಒಣಗಿಸಿ, ಉಸಿರು ಬಿಗಿಹಿಡಿದು ಲಟ್ಟಣಿಗೆಯನ್ನು ಮೆಲ್ಲಗೆ ತಿರುಗಿಸಿ ಎಳೆದಳು. ಸ್ಪ್ರಿಂಗ್ ನಿಂತಿತು! ಸುತ್ತು ಸುತ್ತಿಗೂ ಒಂದೇ ಅಂತರ. ಮೇಲೆ ಕೆಮ್ಮಣ್ಣು ಬಳಿದಳು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಭಾಳ ಹೊತ್ತು ನೋಡಿದರು.

ಸೋಮವಾರ ನನ್ನ ಕ್ಲಾಸಿನ ಮೇಜಿನ ಮೇಲೆ ಗೂಡುಗಳು, ಗೂಡಿನಲ್ಲಿ ಮೊಟ್ಟೆಗಳು, ಮೊಲಗಳು, ಹೂಗಳು. ನಡುವೆ ನಮ್ಮ ಫಿಟ್ಟರ್ ಮನೆತನದ ಸ್ಪ್ರಿಂಗು.

ಸಿಸ್ಟರ್ ಫಿಲೋಮಿನಾ ಕೆಟ್ಟವರಲ್ಲ. ಆದರೆ ಅವರಿಗೆ ನಗು ತಡೆಯಲಾಗಲಿಲ್ಲ. ತಲೆಯ ಬಿಳಿ ಬಟ್ಟೆ ಅಲುಗುವಷ್ಟು ನಕ್ಕರು, ಪಕ್ಕದ ಕ್ಲಾಸಿನ ಸಿಸ್ಟರನ್ನೂ ಕರೆದು ತೋರಿಸಿದರು. ನಲವತ್ತು ಹುಡುಗಿಯರು ಯಾಕೆಂದು ತಿಳಿಯದೆಯೇ ನಕ್ಕರು.

"ಹೂ ಮೇಡ್ ದಿಸ್, ಚೈಲ್ಡ್?"

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಾಗಿಲ ಹೊರಗೆ, ಹತ್ತು ಹೆಜ್ಜೆ ದೂರದಲ್ಲಿ, ಅಕ್ಕ ಕ್ಯಾರಿಯರ್ ಹಿಡಿದು ನಿಂತಿದ್ದಳು. ಎಣ್ಣೆ ಹಚ್ಚಿದ ಎರಡು ಜಡೆ, ಮಾಸಿದ ಪರಕಾರ, ಬರಿಗಾಲು. ತನ್ನ ಸ್ಪ್ರಿಂಗ್ ನೋಡಿ ಎಲ್ಲರೂ ಖುಷಿಯಾಗಿ ನಗುತ್ತಿದ್ದಾರೆಂದು ತಾನೂ ನಗುತ್ತಿದ್ದಳು. ನಾನು ಅವಳ ಕಡೆ ಬೆರಳು ತೋರಿಸಿದೆ.

"ಈಸ್ ಶಿ ಯುವರ್ ಸಿಸ್ಟರ್?"

"ನೋ, ಸಿಸ್ಟರ್. ಶಿ ಈಸ್ ಅವರ್ ಸರ್ವೆಂಟ್."

ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಎರಡನೇ ಕ್ಲಾಸಿನಲ್ಲಿ ನಾನು ಆಡಿದ ಅತ್ಯಂತ ಶುದ್ಧವಾದ ಇಂಗ್ಲಿಷ್ ವಾಕ್ಯ ಅದೇ ಇರಬೇಕು. ಯಾರೋ ಹೆರವರನ್ನು ಸಿಸ್ಟರ್ ಎಂದು ಕರೆದು, ಅದೇ ಉಸಿರಿನಲ್ಲಿ ಸ್ವಂತ ಸಿಸ್ಟರನ್ನು ಅಲ್ಲ ಎಂದಿದ್ದೆ.

ಅಕ್ಕನಿಗೆ ಅದು ಕೇಳಿಸಿತೇ? ಕೇಳಿಸಿದರೂ ತಿಳಿಯಿತೇ? ಅವತ್ತು ಸಂಜೆ ಅವಳು ಎಂದಿನಂತೆ ನನ್ನ ಜಡೆ ಬಿಚ್ಚಿ ಹೇನು ಹುಡುಕಿದಳು. ಶಾಲೆಯ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ನನಗೆ ಬುದ್ಧಿ ಬಂದಿತು, ಡಿಗ್ರಿ ಬಂದಿತು, ಬಿಳಿ ಕೂದಲು ಬಂದಿತು; ಕೇಳುವ ಧೈರ್ಯವೊಂದು ಬರಲಿಲ್ಲ. ಕ್ಲಾಸಿನ ಕ್ಯಾಥೊಲಿಕ್ ಹುಡುಗಿಯರು ಪಾದ್ರಿಯ ಹತ್ತಿರ ಪಾಪ ಒಪ್ಪಿಕೊಳ್ಳುವ ಕನ್‌ಫೆಷನ್ನಿಗೆ ಹೋಗಿ, ಆ ಮರದ ಪೆಟ್ಟಿಗೆಯಿಂದ ಆಗತಾನೇ ತಲೆಗೆ ನೀರು ಹಾಕಿಕೊಂಡವರ ಹಾಗೆ ಹಗುರಾಗಿ ಹೊರಬರುತ್ತಿದ್ದರು. ನಮಗೆ ಆ ಹೊತ್ತಿನಲ್ಲಿ ಮಾರಲ್ ಸೈನ್ಸ್. ಪಾಪ ನಮ್ಮ ಹತ್ತಿರವೂ ಇತ್ತು, ಪೆಟ್ಟಿಗೆ ಇರಲಿಲ್ಲ.

ಇಷ್ಟು ವರ್ಷದ ಮೇಲೆ ಅಕ್ಕ ಫೋನಿನಲ್ಲಿ "ನಿಮ್ಮ ಸಿಸ್ಟರ್" ಎಂದಾಗ, ಇನ್ನು ಮುಂದಕ್ಕೆ ಹಾಕಬಾರದು ಎನಿಸಿತು. ಎಪ್ಪತ್ತು ದಾಟಿದವರು ಯಾವುದನ್ನೂ ಮುಂದಿನ ವರ್ಷಕ್ಕೆ ಎಂದು ಎತ್ತಿಡಬಾರದು, ಉಪ್ಪಿನಕಾಯಿಯನ್ನು ಕೂಡ.

ರಾಯದುರ್ಗಂನಲ್ಲಿ ಮೆಟ್ರೋ ಹತ್ತಿದೆ. ಕೈಚೀಲದಲ್ಲಿ ಕ್ಲೇ, ಎರಡು ಸೀಳಿದ ಡ್ಯಾಫೊಡಿಲ್. ಮನಸ್ಸಿನಲ್ಲಿ ಭಾಷಣ. ಅದು ಇಂಗ್ಲಿಷಿನಲ್ಲೇ ತಯಾರಾಯಿತು, ನನ್ನ ಗತಿ ಅದು: "ಅಕ್ಕಾ, ದೇರ್ ಈಸ್ ಸಮ್‌ಥಿಂಗ್ ಐ ಮಸ್ಟ್ ಟೆಲ್ ಯು." ಕನ್ನಡದಲ್ಲಿ ಹೇಳಿ ನೋಡಿದರೆ ಬರೀ "ತಪ್ಪಾತು" ಎನ್ನುವ ಒಂದೇ ಮಾತು ಬರುತ್ತದೆ, ಅದಕ್ಕೆ ಅಷ್ಟು ದೂರದ ಟಿಕೆಟ್ ತೆಗೆದು ಹೋಗುವುದು ಹೇಗೆ? ಬೇಗಂಪೇಟೆ ಬಂದಾಗ ಕಿಟಕಿಯಿಂದ ನಮ್ಮ ಹಳೆಯ ಓಣಿ ಎಲ್ಲಿತ್ತೆಂದು ಹುಡುಕಿದೆ. ಗಾಜಿನ ಕಟ್ಟಡಗಳು, ಅವುಗಳಲ್ಲಿ ನಮ್ಮದೇ ರೈಲಿನ ಬಿಂಬ. ಎದುರು ಸೀಟಿನ ಹುಡುಗಿ ನನ್ನ ತುಟಿ ಆಡುವುದನ್ನು ನೋಡಿ ಜಪ ಮಾಡುತ್ತಿದ್ದೇನೆಂದು ತಿಳಿದಳೋ ಏನೋ, ಕಾಲು ಮಡಚಿ ಭಕ್ತಿಯಿಂದ ಜಾಗ ಕೊಟ್ಟಳು.

ಅಕ್ಕ ಬಾಗಿಲು ತೆರೆದು ಮೊದಲು ನನ್ನ ಚೀಲ ನೋಡಿದಳು, ಆಮೇಲೆ ನನ್ನ ಮುಖ. ಒಳಕೋಣೆಯಲ್ಲಿ ಭಾವ ಟಿವಿಯ ಕ್ರಿಕೆಟ್ಟಿಗೆ ಬಯ್ಯುತ್ತಿದ್ದರು. ನಾನು ಡ್ಯಾಫೊಡಿಲ್ ತೆಗೆದು ಟೇಬಲ್ಲಿನ ಮೇಲಿಟ್ಟೆ.

"ಇದೇನ ಸುಮ್ಮಿ, ಹೂವೋ, ಊದೋ ತುತ್ತೂರಿಯೋ?"

"ಇದಕ್ಕ ಡ್ಯಾಫೊಡಿಲ್ ಅಂತಾರ ಅಕ್ಕಾ. ಸ್ಪ್ರಿಂಗಿನ್ಯಾಗ ಅರಳತೈತಿ."

"ಎಲ್ಲಿ?"

"ಅಲ್ಲಿ."

"ಅಲ್ಲಿದು ಅಲ್ಲಿರಲಿ. ಚೈತ್ರದಾಗ ನಿನ್ನ ಮನಿ ಮುಂದ ಏನ ಅರಳತೈತಿ, ಅದನ್ನ ಮಾಡ್ಬಾರದೇನು?" ಎಂದು ಪ್ಯಾಕೆಟ್ ಹರಿದು ಕ್ಲೇ ತೆಗೆದಳು. ಮೂಸಿ ನೋಡಿದಳು. "ಅಯ್ಯ, ವಾಸನಿನ ಇಲ್ಲ. ಮಣ್ಣೇನಿದು, ಮೈದಾ ಹಿಟ್ಟೇನು?" ಬೈಯುತ್ತಲೇ ಬೆರಳು ನೀರಿಗೆ ಅದ್ದಿ ಒಂದು ಚಿಟಿಕೆ ಹೊಸೆದಳು. ಐದು ಎಸಳಿನ ಬೇವಿನ ಹೂ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಆಮೇಲೆ ಇನ್ನೊಂದು. ಎಪ್ಪತ್ತೆಂಟು ವರ್ಷದ ಆ ಬೆರಳುಗಳ ಗಂಟುಗಳು ಶುಂಠಿಯ ಹಾಗೆ ಊದಿದ್ದವು. ಮಣ್ಣು ಮುಟ್ಟಿದ ಕೂಡಲೇ ಅವು ಊದಿರುವುದನ್ನು ಮರೆತುಬಿಟ್ಟವು. "ಬಾಗಲಕ್ಕ ತೋರಣ ಆಗತೈತಿ. ನಡುನಡುವ ಒಂದೊಂದ ಮಾವಿನ ಮಿಡಿ. ನೀ ಮಿಡಿ ಮಾಡು, ಅದರಾಗ ಕೆಡಸೂದೇನಿಲ್ಲ."

ನಾನು ಮಿಡಿ ಮಾಡಿದೆ. ಅದನ್ನೂ ಕೆಡಿಸಿದೆ. ನಾಲ್ಕನೆಯ ಮಿಡಿಯ ಹೊತ್ತಿಗೆ ಭಾಷಣ ಗಂಟಲಿಗೆ ಬಂತು. ಇಂಗ್ಲಿಷೆಲ್ಲ ಎಲ್ಲೋ ಬೇಗಂಪೇಟೆಯಲ್ಲೇ ಇಳಿದುಹೋಗಿತ್ತು.

"ಅಕ್ಕಾ, ಅವತ್ತ ಸಾಲ್ಯಾಗ, ಆ ಸ್ಪ್ರಿಂಗ್ ಒಯ್ದಿದ್ನೆಲ್ಲ, ಅವತ್ತ ನಾ ಸಿಸ್ಟರಿಗೆ ಒಂದ ಮಾತ ಹೇಳಿದೆ. ನಿನ್ನ ಬಗ್ಗೆ. ನಿನಗ ಕೇಳಿಸಿತ್ತೇನು?"

"ಸರ್ವೆಂಟ್ ಅಂದದ್ದು?" ಎಂದಳು ಅಕ್ಕ. ಬೇವಿನ ಎಸಳಿನಿಂದ ಕಣ್ಣು ಎತ್ತಲಿಲ್ಲ. "ಕೇಳಿಸದ ಏನು. ನನಗ ಕುಣಿಯೂ ಹಂಗ ಆಗಿತ್ತು."

"ಕುಣಿಯೂ ಹಂಗ?"

"ಮತ್ತ? ಅಪ್ಪಾ ಯಾರ ಬಂದ್ರೂ ಏನಂತಿದ್ರು? 'ನಾ ಸೆಂಟ್ರಲ್ ಗೌರ್ಮೆಂಟ್ ಸರ್ವೆಂಟ್ ಅದೀನ್ರಿ' ಅಂತ ಎದಿ ಉಬ್ಬಸ್ತಿರಲಿಲ್ಲೇನು? ನನಗ ಬರ್ತಿದ್ದ ಇಂಗ್ಲಿಷ್ ಅದೊಂದ. ಸರ್ವೆಂಟ್ ಅಂದ್ರ ಅಪ್ಪನಂಥ ದೊಡ್ಡ ಮನಷ್ಯಾ ಅಂತ ತಿಳದಿದ್ನಿ. ಸಾಲಿಗೆ ಹೋಗಲಿಲ್ಲ ಅಂದ್ರೇನಾತು, ನನ್ನ ತಂಗಿ ಅಷ್ಟ ಮಂದ್ಯಾಗ ನನಗ ಸರ್ವೆಂಟ್ ಅಂದ್ಳು ಅಂತ ಓಡಿಕೋತ ಮನಿಗೆ ಹೋಗಿ ಅವ್ವಗ ಹೇಳಿದ್ನಿ."

"ಅವ್ವ ಏನಂದ್ಳು?"

"ಅಕೀಗೂ ಗೊತ್ತಿರಲಿಲ್ಲಲ್ಲ! 'ಛಲೋ ಆತು' ಅಂದು ಬಿಸಿ ರೊಟ್ಟಿಗೆ ಬೆಣ್ಣಿ ಹಚ್ಚಿ ಕೊಟ್ಳು."

ಅವಳು ಇಷ್ಟು ವರ್ಷ ಅದನ್ನು ಹಾಗೇ ತಿಳಿದಿದ್ದರೆ ನಾನೀಗ ಬಿಡಿಸಿ ಹೇಳಬೇಕೇ? ಹೇಳಿ ಹಗುರಾಗುವುದು ನಾನು, ಕಳೆದುಕೊಳ್ಳುವುದು ಅವಳು. ಐದನೆಯ ಮಿಡಿಗೆ ಮಣ್ಣು ಚಿವುಟಿದೆ.

ಅಕ್ಕನೇ ಹೇಳಿದಳು. "ಆಮ್ಯಾಲ ನನ್ನ ಮಗಳ ಸಾಲಿಗೆ ಹೋಗಾಕತ್ತಿದ್ಳಲ್ಲ, ಅಕಿ ಪುಸ್ತಕದಾಗ ಒಂದ ಚಿತ್ರ. ಒಬ್ಬಾಕಿ ಕಸಬರಗಿ ಹಿಡಕೊಂಡ ನಿಂತಾಳ. ಕೆಳಗ ಬರದಾರ. ಮಗಳ ಓದಿದ್ಳು: ಎಸ್, ಈ, ಆರ್…" ಬೆರಳಿನ ತುದಿಯಲ್ಲಿ ಹೂವಿನ ನಡುವೆ ಸಣ್ಣ ಕುಳಿ ಮಾಡಿದಳು. "ಅವತ್ತ ತಿಳೀತು."

"ತಿಳದ ಮ್ಯಾಲ ಏನ ಮಾಡಿದಿ?"

"ಏನ ಮಾಡ್ಲಿ? ಮುಂದಿನ ವಾರ ನಿನ್ನ ಮದುವಿ ಇತ್ತು. ಹೋಳಿಗಿಗೆ ಹೂರಣ ರುಬ್ಬಾಕ ನನ್ನನ್ನ ಕುಂದರಿಸಿದ್ರು. ಸಿಟ್ಟ ಬಂದಿತ್ತ ನೋಡು, ಭಾಳ ಸಿಟ್ಟ ಬಂದಿತ್ತು. ಆ ಸಿಟ್ಟಿನ್ಯಾಗ ರುಬ್ಬಿದ್ನಿ. ಹೂರಣ ಬೆಣ್ಣಿ ಹಂಗ ಆಗಿತ್ತು. ನಿಮ್ಮ ಅತ್ತಿ ಮನಿಯವರು ಹೊಗಳಿದ್ದ ಹೊಗಳಿದ್ದು."

ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಇಬ್ಬರೂ ನಕ್ಕೆವು. ಒಳಗಿನಿಂದ ಭಾವ, "ಏನ ನಡದೈತ್ರಿ ಅಲ್ಲೆ, ಇಲ್ಲೆ ವಿಕೆಟ್ ಹೋಗ್ಯಾವ!" ಎಂದು ಕೂಗಿದರು.

ನಗು ನಿಂತ ಮೇಲೆ ಕೇಳಿದೆ. "ತಪ್ಪಾತು ಅಕ್ಕಾ. ಇನ್ನೂ ಸಿಟ್ಟೈತೇನು?"

ಸುಮ್ಮನೆ ಇಲ್ಲ ಎನ್ನಬಹುದಿತ್ತು. ಅಕ್ಕ ಹಾಗೆ ಹೇಳುವವಳಲ್ಲ.

"ಐತಿ ಸ್ವಲ್ಪ. ಅದಕ್ಕ ನಿನ್ನ ಹೂವಿಗೆ ತುತ್ತೂರಿ ಅಂದದ್ದು."

ನಾಲ್ಕು ಗಂಟೆಯವರೆಗೆ ಕುಳಿತು ಇಪ್ಪತ್ತು ಗೊಂಚಲು ಬೇವಿನ ಹೂ ಆಯಿತು. ಆಫೀಸು ಬಿಡುವ ಮೊದಲು ರೈಲು ಹಿಡಿಯಬೇಕೆಂದು ನಾನು ಉಳಿದ ಕ್ಲೇ ಚೀಲಕ್ಕೆ ಹಾಕಿಕೊಂಡು ಎದ್ದೆ. ಅಕ್ಕ ಮಣ್ಣಾದ ಎರಡೂ ಕೈಗಳನ್ನು ದೂರ ಹಿಡಿದು ದೇವರ ಗೂಡಿನ ಕಡೆ ಗದ್ದ ಚಾಚಿದಳು.

"ಕುಂಕುಮ ಇಲ್ಲದ ಹೋಗಬ್ಯಾಡ. ನನ್ನ ಕೈ ನೋಡು ಹೆಂಗ ಆಗ್ಯಾವ. ನೀನ ತಗೊಂಡ ಹಚ್ಚಿಕೊ, ನನಗೂ ಹಚ್ಚು."

ಭರಣಿ ತೆಗೆದು ನಾನು ಹಚ್ಚಿಕೊಂಡೆ. ಆಮೇಲೆ ಅಕ್ಕನ ಹಣೆಗೆ. ಅವಳು ಸಣ್ಣ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಮುಖ ಎತ್ತಿ ನಿಂತಳು. ಅಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ಯಾವಾಗ ನೋಡಿದ್ದೆ ಎಂದು ನೆನಪಾಗಲಿಲ್ಲ.

ಅದಾಗಿ ಐದನೆಯ ದಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ಕುಳಿತದ್ದೇನೋ ಹೌದು, ಆದರೆ ಅಲ್ಲಿ ಅವಳು ಕಣ್ಣು ತೆರೆಯಲಿಲ್ಲ. ಆ ಯುಗಾದಿಯನ್ನೂ ನೋಡಲಿಲ್ಲ. ಹಾಗಾಗಿ ನಾವು ಒಬ್ಬರನ್ನೊಬ್ಬರು ಕಂಡದ್ದು ಆ ದೇವರ ಗೂಡಿನ ಮುಂದೆಯೇ ಕೊನೆ. ಅಲ್ಲಿ, ನಾನು ಕುಂಕುಮ ಹಚ್ಚಿ ಕೈ ತೆಗೆದಾಗ, ಅವಳು ಒಂದೇ ಕಣ್ಣು ತೆರೆದು ಕೇಳಿದಳು:

"ಸೊಟ್ಟ ಹಚ್ಚಿದೇನ?"

"ಇಲ್ಲಕ್ಕಾ, ನೆಟ್ಟಗೈತಿ" ಎಂದೆ.

ಸೊಟ್ಟಗಿತ್ತು.